ಕಿತ್ತೂರಿನ ಆ ಆರು ವಾರ: ಚೆನ್ನಮ್ಮನ ಚಿತ್ರಕಥೆ ಬರೆದ ನನ್ನ ಅನುಭವ

ಚೆನ್ನಮ್ಮನ ಬಗ್ಗೆ ಚಿತ್ರಕಥೆ ಬರೆಯುತ್ತಿದ್ದೇನೆ ಅಂದರೆ ಎಲ್ಲರೂ ಕುದುರೆ, ಕತ್ತಿ ಬಗ್ಗೆಯೇ ಕೇಳುತ್ತಿದ್ದರು. ನನ್ನ ಮನಸ್ಸೆಲ್ಲ ಇದ್ದದ್ದು 1824ರ ಸೆಪ್ಟೆಂಬರ್‌ನಿಂದ ಅಕ್ಟೋಬರ್ 23ರವರೆಗಿನ ಸುಮಾರು ಆರು ವಾರಗಳಲ್ಲಿ. ಚಿತ್ರದ ಬಹುಭಾಗ ಅಲ್ಲೇ ನಡೆಯುತ್ತದೆ.

ಕಾಕತಿಯ ಬಾಲ್ಯ, ಬೇಟೆ, ಮದುವೆ ಎಲ್ಲ ಬಿಟ್ಟೆ. ಚಿತ್ರ ಶುರುವಾದಾಗ ಗಂಡ ಮಲ್ಲಸರ್ಜ ತೀರಿಹೋಗಿ ಎಂಟು ವರ್ಷ. ಮಲಮಗ ಶಿವಲಿಂಗರುದ್ರಸರ್ಜ ಹಾಸಿಗೆ ಹಿಡಿದಿದ್ದಾನೆ, ಮಕ್ಕಳಿಲ್ಲ. ಸಾಯುವ ಮುಂಚೆ ಮಾಸ್ತಮರ್ಡಿಯ ಹುಡುಗನನ್ನು ದತ್ತು ತೆಗೆದುಕೊಳ್ಳುತ್ತಾನೆ. ಧಾರವಾಡದ ಬ್ರಿಟಿಷ್ ಕಲೆಕ್ಟರ್ ಥ್ಯಾಕರೆ ಅದನ್ನು ಒಪ್ಪುವುದಿಲ್ಲ. ಖಜಾನೆಗೆ ಮುದ್ರೆ ಹಾಕಿಸಿ ತನ್ನ ಕಾವಲು ಇಡುತ್ತಾನೆ.

ಅಲ್ಲಿಯವರೆಗೆ ಚೆನ್ನಮ್ಮ ಅರಮನೆಯ ಹಿರಿಯ ವಿಧವೆ ಅಷ್ಟೆ. ಆಕೆ ನಾಯಕಿಯಾಗುವುದನ್ನು ಮಾತಿನಲ್ಲಿ ಹೇಳಬಾರದು ಅಂತ ಮೊದಲೇ ತೀರ್ಮಾನಿಸಿದ್ದೆ. ಅದಕ್ಕೆ ಪ್ರತಿ ದೃಶ್ಯದ ಕೊನೆಗೆ ಒಂದು ಸಾಲು ಬರೆದುಕೊಂಡೆ: ಅಪ್ಪಣೆಗಾಗಿ ಜನ ಯಾರ ಮುಖ ನೋಡುತ್ತಾರೆ? ಮೊದಲು ಎಲ್ಲರೂ ಸರದಾರ ಗುರುಸಿದ್ದಪ್ಪನ ಕಡೆ. ಮುಂಬೈ ಗವರ್ನರ್ ಎಲ್ಫಿನ್‌ಸ್ಟನ್‌ಗೆ ಪತ್ರ ಬರೆಸುವ ದೃಶ್ಯದಲ್ಲಿ ಒಬ್ಬಿಬ್ಬರು ಆಕೆಯ ಕಡೆ ತಿರುಗುತ್ತಾರೆ. ಪತ್ರದಿಂದ ಏನೂ ಆಗದೆ, ಕೋಟೆ ಬಾಗಿಲು ಮುಚ್ಚಿಸುವ ಹೊತ್ತಿಗೆ ಗುರುಸಿದ್ದಪ್ಪನೇ ಆಕೆಯ ಮುಖ ನೋಡುತ್ತಾನೆ. ನನ್ನ ಮಟ್ಟಿಗೆ ಅದೇ ಪಟ್ಟಾಭಿಷೇಕ.

ದತ್ತುಮಕ್ಕಳಿಗೆ ಹಕ್ಕಿಲ್ಲ ಅಂತ ರಾಜ್ಯಗಳನ್ನು ಕಿತ್ತುಕೊಂಡವನು ಡಾಲ್‌ಹೌಸಿ ಅಲ್ಲವೇ, ಅವನ ಹೆಸರು ಸೇರಿಸು ಅಂತ ಕೆಲವರು ಅಂದರು. ಅವನು ಗವರ್ನರ್ ಜನರಲ್ ಆಗಿದ್ದೇ 1848ರಲ್ಲಿ! ಸೇರಿಸಲಿಲ್ಲ.

ಯುದ್ಧವನ್ನು ಚಿಕ್ಕದಾಗಿ ಬರೆದೆ. ತೋಪು ಹಾರಿಸಿ ಬಾಗಿಲು ಒಡೆಯುವ ಬೆದರಿಕೆ ಬರುತ್ತದೆ. ಬಾಗಿಲು ಒಳಗಿನಿಂದಲೇ ತೆರೆಯುತ್ತದೆ, ಕಿತ್ತೂರಿನವರು ನುಗ್ಗುತ್ತಾರೆ. ಥ್ಯಾಕರೆ ಸಾಯುತ್ತಾನೆ. ಗುಂಡು ಹೊಡೆದವನು ಅಮಟೂರು ಬಾಳಪ್ಪ ಅನ್ನುವ ಜನರ ಮಾತನ್ನೇ ಉಳಿಸಿಕೊಂಡೆ.

ನನಗೆ ಜಾಸ್ತಿ ಇಷ್ಟವಾದದ್ದು ಆಮೇಲಿನ ಭಾಗ. ಸ್ಟೀವನ್‌ಸನ್, ಎಲಿಯಟ್ ಅನ್ನುವ ಇಬ್ಬರು ಬ್ರಿಟಿಷ್ ಅಧಿಕಾರಿಗಳು ಸೆರೆಸಿಕ್ಕರು. ಈ ವಾಲ್ಟರ್ ಎಲಿಯಟ್ ಮುಂದೆ ನಮ್ಮ ನಾಡಿನ ಶಾಸನಗಳನ್ನು ಹುಡುಕಿ ಕೂಡಿಸಿದವನು. ಮಾತುಕತೆ ಆಗಬಹುದೆಂಬ ಭರವಸೆಯಲ್ಲಿ ಇಬ್ಬರನ್ನೂ ಬಿಟ್ಟುಬಿಡುತ್ತಾರೆ. ಆದರೂ ಡಿಸೆಂಬರ್‌ನಲ್ಲಿ ದೊಡ್ಡ ಸೈನ್ಯ ಬಂತು, ಕೋಟೆ ಬಿತ್ತು. ಚೆನ್ನಮ್ಮ ಬೈಲಹೊಂಗಲದ ಸೆರೆಯಲ್ಲೇ 1829ರಲ್ಲಿ ತೀರಿಕೊಂಡಳು.

ಕಥೆ ಕೇಳಿದ ನಿರ್ಮಾಪಕರೊಬ್ಬರು ಗೆಲುವಿನಲ್ಲೇ ಮುಗಿಸಿ ಅಂದರು. ನಾನು ಒಪ್ಪಲಿಲ್ಲ. ಕೈಯಲ್ಲಿರುವ ಸೆರೆಯಾಳುಗಳನ್ನು ಬಿಡುವುದು ಬಾಗಿಲು ಮುಚ್ಚಿಸುವುದಕ್ಕಿಂತ ಕಷ್ಟದ ಅಪ್ಪಣೆ, ಅಲ್ವಾ? ಗುರುಸಿದ್ದಪ್ಪ ಬೇಡ ಅನ್ನುತ್ತಾನೆ, ಆಕೆ ಬಿಡಿ ಅನ್ನುತ್ತಾಳೆ. ಆ ವಾದ ನನ್ನ ಕಲ್ಪನೆ. ಚಿತ್ರದಲ್ಲಿ ಎಲ್ಲಕ್ಕಿಂತ ಉದ್ದದ ಮಾತುಕತೆಯೂ ಅದೇ.