ಸಾಕು ಇಲಿಗೆ ‘ಸಾಕು’ ಎನ್ನುವ ಲೆಕ್ಕ

ಒಂದು ಗಂಡು, ಒಂದು ಹೆಣ್ಣು ಇಲಿಯನ್ನು ಒಂದೇ ಗೂಡಿಗೆ ಬಿಟ್ಟರೆ ಮರಿ ತಾವಾಗಿಯೇ ಬರುತ್ತವೆ. ಅದಕ್ಕೆ ಯಾರ ಸಲಹೆಯೂ ಬೇಕಿಲ್ಲ. ಹೆಣ್ಣು 21ರಿಂದ 23 ದಿನಕ್ಕೆ ಮರಿ ಹಾಕುತ್ತದೆ, ಹಾಕಿದ 24 ಗಂಟೆಯೊಳಗೆ ಮತ್ತೆ ಗಬ್ಬ ಕಟ್ಟಬಲ್ಲದು. ಸೂಲಿಗೆ 8ರಿಂದ 12 ಮರಿ ಮಾಮೂಲು, 15 ಬಂದರೂ ಆಶ್ಚರ್ಯವಿಲ್ಲ. ಆ ಮರಿಗಳು ಐದು ವಾರ ದಾಟಿದರೆ ಅವೂ ಜೋಡಿಗೆ ಸಿದ್ಧ. ಯುಗಾದಿಗೆ ತಂದ ಜೋಡಿಯನ್ನು ಹಾಗೇ ಬಿಟ್ಟವರು ದಸರಾ ಹೊತ್ತಿಗೆ ಗೂಡುಗಳನ್ನಲ್ಲ, ಕೋಣೆಗಳನ್ನು ಎಣಿಸಬೇಕಾಗುತ್ತದೆ.

ಹಾಗಾಗಿ ಈ ಹವ್ಯಾಸದಲ್ಲಿ ಕಲಿಯಬೇಕಾದದ್ದು ಮರಿ ಮಾಡಿಸುವುದನ್ನಲ್ಲ, ತಡೆಯುವುದನ್ನು. ಮೊದಲ ಹೆಜ್ಜೆ ಕಾಗದದ ಮೇಲೆ: ಮರಿ ಒಯ್ಯುತ್ತೇವೆಂದು ಖಚಿತವಾಗಿ ಹೇಳಿದ ಮನೆಗಳನ್ನು ಬರೆದುಕೊಳ್ಳಿ. ಇಲಿ ಒಂಟಿಯಾಗಿ ಬಾಳುವ ಪ್ರಾಣಿಯಲ್ಲ, ಒಂದೊಂದು ಮನೆಗೂ ಒಂದೇ ಲಿಂಗದ ಎರಡು ಹೋಗಬೇಕು. ಐದಾರು ಮನೆ ಸಿಗುವವರೆಗೆ ಜೋಡಿ ಮಾಡಬೇಡಿ. ‘ನೋಡೋಣ, ಮರಿ ಬಂದಾಗ ಹೇಳಿ’ ಎಂದವರನ್ನು ಎಣಿಕೆಗೆ ಹಿಡಿಯಬೇಡಿ.

ಇಲಿ ಎಲ್ಲಿಂದ ತರಬೇಕು

ಗದ್ದೆಯದ್ದು, ಮೋರಿಯದ್ದು, ಅಟ್ಟದ್ದು ಬೇಡವೇ ಬೇಡ. ಹಿಡಿದ ಇಲಿ ಪಳಗುವುದಿಲ್ಲ, ಅದರ ಮೂತ್ರದಲ್ಲಿ ಇಲಿಜ್ವರದ ಬ್ಯಾಕ್ಟೀರಿಯಾ ಇರಬಹುದು. ಅಂಗಡಿಯ ಇಲಿಗಳಲ್ಲಿ ಬೇರೆ ತೊಂದರೆ. ಒಂದೇ ಗೂಡಿನಲ್ಲಿರುವ ಜೋಡಿ ಬಹುತೇಕ ಒಡಹುಟ್ಟಿದವೇ, ಹೆಣ್ಣಾದರೆ ಆಗಲೇ ಗಬ್ಬವಾಗಿರುವ ಸಾಧ್ಯತೆಯೂ ಹೆಚ್ಚು. ಗಂಡು ಹೆಣ್ಣನ್ನು ಬೇರೆ ಬೇರೆ ಮೂಲದಿಂದ ತನ್ನಿ. ತಂದ ಮೂರು ವಾರ ಹಳೆಯ ಇಲಿಗಳಿಂದ ಬೇರೆ ಕೋಣೆಯಲ್ಲಿಡಿ. ಬೇರೆ ಗೂಡು ಸಾಲದು, ಬೇರೆ ಗಾಳಿ ಬೇಕು. ಸೀನು, ಹೇನು, ಉಣ್ಣೆಹುಳು ಇದ್ದರೆ ಅಷ್ಟರಲ್ಲಿ ಕಾಣಿಸಿಕೊಳ್ಳುತ್ತವೆ.

ಬಣ್ಣ ನೋಡಿ ಜೋಡಿ ಆರಿಸುವುದು ಎಲ್ಲರೂ ಮಾಡುವ ತಪ್ಪು. ಮೊದಲು ಸ್ವಭಾವ, ಆಮೇಲೆ ಉಸಿರು, ಕೊನೆಗೆ ಬಣ್ಣ. ಕಿವಿಯ ಹತ್ತಿರ ಹಿಡಿದು ಕೇಳಿ: ಗೊರಗೊರ, ಟಿಕ್‌ಟಿಕ್ ಇದ್ದ ಇಲಿ ಎಷ್ಟೇ ಚೆಂದವಿದ್ದರೂ ಬೇಡ. ಕಚ್ಚುವ ಗಂಡಿನ ಮರಿ ಕಚ್ಚುವುದನ್ನೂ ಹೊತ್ತು ಬರಬಹುದು. ಗಂಡು ಒಂದು ವರ್ಷ ದಾಟಿದ್ದರೆ ಒಳ್ಳೆಯದು, ಅದರ ಗುಣ, ಆರೋಗ್ಯ ಎರಡೂ ಅಷ್ಟರಲ್ಲಿ ಬಯಲಾಗಿರುತ್ತವೆ. ಹೆಣ್ಣಿಗೆ ಮೊದಲ ಸೂಲು 5ರಿಂದ 8 ತಿಂಗಳೊಳಗೆ ಆಗಲಿ, ತೂಕ 250 ಗ್ರಾಂ ಮೇಲಿರಲಿ.

ಬಣ್ಣದ ಬಗ್ಗೆ ಇಷ್ಟು ಗೊತ್ತಿದ್ದರೆ ಸಾಕು. ಕೆಂಗಣ್ಣಿನ ಬಿಳಿ ಇಲಿ ಆಲ್ಬಿನೋ. ಅದು ದುರ್ಬಲ ಗುಣ, ಅಂದರೆ ತಂದೆ ತಾಯಿ ಇಬ್ಬರಿಂದಲೂ ಬಂದರೆ ಮಾತ್ರ ಕಾಣುತ್ತದೆ. ತಲೆ-ಭುಜ ಕಪ್ಪು, ಉಳಿದದ್ದು ಬಿಳಿ ಇರುವ ‘ಹುಡೆಡ್’ ಜೋಡಿ ಆಲ್ಬಿನೋ ಗುಣವನ್ನು ಒಳಗೆ ಇಟ್ಟುಕೊಂಡಿದ್ದರೆ, ಸರಾಸರಿ ನಾಲ್ಕರಲ್ಲಿ ಒಂದು ಮರಿ ಬಿಳಿ. ಬಿಳಿ ಇಲಿಯಂತೂ ಮುಸುಕು ಹೊದ್ದ ಹಾಗೆ, ಅಡಿಯಲ್ಲಿ ಯಾವ ಬಣ್ಣವಿದೆಯೋ ಮರಿ ಬಂದ ಮೇಲೆಯೇ ತಿಳಿಯುವುದು. ದೊಡ್ಡ ಕಿವಿಯ ‘ಡಂಬೋ’ ಕೂಡ ದುರ್ಬಲ ಗುಣವೇ. ಗುಂಗುರು ಕೂದಲಿನ ‘ರೆಕ್ಸ್’ ಪ್ರಬಲ ಗುಣ, ಅಂದರೆ ಒಬ್ಬರಿಂದ ಬಂದರೂ ಕಾಣುತ್ತದೆ. ಎರಡು ರೆಕ್ಸ್ ಸೇರಿಸಿದರೆ ಕೆಲವು ಮರಿ ಕೂದಲುದುರಿ ಬೋಳಾಗುತ್ತವೆ. ಹಣೆಯ ಮೇಲೆ ಬಿಳಿ ನಾಮವಿರುವ, ಮೈಯೆಲ್ಲ ಬಿಳಿಯಾಗಿ ಬಣ್ಣ ಅಲ್ಲಲ್ಲಿ ಮಾತ್ರ ಉಳಿದಿರುವ ಎರಡನ್ನು ಜೋಡಿ ಮಾಡಲೇಬೇಡಿ. ಇಂಥ ವಂಶಗಳಲ್ಲಿ ಕರುಳಿನ ನರ ಸರಿಯಾಗಿ ಬೆಳೆಯದ ‘ಮೆಗಾಕೋಲನ್’ ಬರುತ್ತದೆ. ಚೆನ್ನಾಗಿದ್ದ ಮರಿ ಹಾಲು ಬಿಡುವ ಹೊತ್ತಿಗೆ ಹೊಟ್ಟೆ ಉಬ್ಬಿ ಸಾಯುತ್ತದೆ.

ಗೂಡು: ಒಂದು ಜೋಡಿಗೆ ನಾಲ್ಕು

ನಾಲ್ಕೇಕೆ? ಗಂಡುಗಳಿಗೊಂದು, ಹೆಣ್ಣುಗಳಿಗೊಂದು, ಬಾಣಂತಿಗೊಂದು, ಹೊಸದಾಗಿ ಬಂದ ಇಲ್ಲವೇ ವಾಪಸ್ ಬಂದ ಇಲಿಗೊಂದು. ದೊಡ್ಡವಕ್ಕೆ 90 ಸೆಂ.ಮೀ. ಉದ್ದ, 60 ಅಗಲ, 60 ಎತ್ತರದ ಗೂಡಾದರೆ ಐದು ಇಲಿ ಹಾಯಾಗಿರುತ್ತವೆ. ಸರಳುಗಳ ನಡುವೆ 12 ಮಿ.ಮೀ.ಗಿಂತ ಹೆಚ್ಚು ಸಂದು ಬೇಡ. ತಳಕ್ಕೆ ತಂತಿಜಾಲ ಹಾಕಿದರೆ ಅಂಗಾಲು ಒಡೆದು ಕೀವಾಗುತ್ತದೆ. ಗಟ್ಟಿ ತಳವೇ ಬೇಕು.

ಬಾಣಂತಿ ಗೂಡಿಗೆ ಅಂತಸ್ತು ಬೇಡ, ಮರಿ ಬೀಳುತ್ತವೆ. 60 ಲೀಟರಿನ ಪ್ಲಾಸ್ಟಿಕ್ ಡಬ್ಬಿಯ ಮುಚ್ಚಳ ಮತ್ತು ಎರಡು ಬದಿಯಲ್ಲಿ ಕಿಟಕಿ ಕೊಯ್ದು ಕಾಲಿಂಚಿನ ವೆಲ್ಡ್ ಮೆಶ್ ಅನ್ನು ಬೋಲ್ಟ್-ವಾಷರ್ ಹಾಕಿ ಬಿಗಿಯಿರಿ. ಅರ್ಧ ಇಂಚಿನ ಮೆಶ್ ಹಾಕಿದರೆ ಮೂರು ವಾರದ ಮರಿ ತಲೆ ತೂರಿಸಿ ಆಚೆ ಬರುತ್ತದೆ. ಅಂಟಿನಿಂದ ಕೂರಿಸಿದ್ದು ಒಂದೇ ರಾತ್ರಿಗೆ ಬಿಚ್ಚಿಕೊಳ್ಳುತ್ತದೆ. ಹೊಸ ಮೆಶ್‌ನ ಸತು ಲೇಪವನ್ನು ಮೊದಲು ವಿನೆಗರ್‌ನಿಂದ ಉಜ್ಜಿ ತೊಳೆಯಿರಿ.

ಹಾಸಿಗೆ ಬಣ್ಣವಿಲ್ಲದ ಕಾಗದದ ಚೂರು, ರಟ್ಟಿನ ತುಂಡು, ಹಳೆಯ ಹತ್ತಿ ಬಟ್ಟೆ. ಮಂಡ್ಯ ಕಡೆ ಕೈಗೆ ಸುಲಭವಾಗಿ ಸಿಗುವುದು ಭತ್ತದ ಹೊಟ್ಟು, ಕಬ್ಬಿನ ಸಿಪ್ಪೆ. ಹೊಟ್ಟಿನ ದೂಳು ಮೂಗಿಗೆ ಕೆಟ್ಟದ್ದು, ಸಿಪ್ಪೆ ಒದ್ದೆಯಾದರೆ ಬೂಷ್ಟು ಹಿಡಿಯುತ್ತದೆ. ಸಾಮಿಲ್ಲಿನ ಹೊಟ್ಟಿನಲ್ಲಿ ಯಾವ ಮರ ಬೆರೆತಿದೆಯೋ ಹೇಳಲಾಗದು, ವಾಸನೆಯ ಮರದ ಎಣ್ಣೆ ಇಲಿಗೆ ಆಗುವುದಿಲ್ಲ. ಹಾಸಿಗೆಯ ಅರಳೆ ಹಾಕಿದರೆ ಎಳೆ ಮರಿಗಳ ಕಾಲಿಗೆ ಸುತ್ತಿಕೊಂಡು ರಕ್ತ ಕಟ್ಟುತ್ತದೆ.

ಮೂತ್ರದ ಮೂಲೆಯನ್ನು ದಿನವೂ ತೆಗೆಯಿರಿ, ಇಡೀ ಹಾಸನ್ನು ವಾರಕ್ಕೊಮ್ಮೆ ಬದಲಿಸಿ. ಬೇಸರದ ಕೆಲಸ ನಿಜ. ಆದರೆ ಮೂತ್ರ ಕೊಳೆತು ಬರುವ ಅಮೋನಿಯಾ ಶ್ವಾಸನಾಳದ ಸೂಕ್ಷ್ಮ ರೋಮಗಳನ್ನು ಕೆಡಿಸುತ್ತದೆ. ಬಹುಪಾಲು ಸಾಕು ಇಲಿಗಳೊಳಗೆ ಸುಮ್ಮನೆ ಕೂತಿರುವ ಮೈಕೋಪ್ಲಾಸ್ಮಾ ಸೋಂಕು ಆಗ ಎದ್ದು ಕೂರುತ್ತದೆ. ಕಣ್ಣು-ಮೂಗಿನ ಸುತ್ತ ತುಕ್ಕಿನಂಥ ಕೆಂಪು ಕಂಡರೆ ಅದು ರಕ್ತವಲ್ಲ, ಪಾರ್ಫಿರಿನ್ ಎಂಬ ವರ್ಣದ್ರವ್ಯ. ಇಲಿಗೆ ಏನೋ ಸರಿಯಿಲ್ಲವೆಂದು ಅರ್ಥ. ಆ ಕೋಣೆಯಲ್ಲಿ ಊದಿನಕಡ್ಡಿ, ಸೊಳ್ಳೆಬತ್ತಿ, ನುಸಿಗುಳಿಗೆ, ಫಿನಾಯಿಲ್ ಯಾವುದೂ ಬೇಡ. ಒರೆಸಲು ನೀರು ಬೆರೆಸಿದ ವಿನೆಗರ್ ಸಾಕು.

ಮರಿಗಳಿಗೆ ನಮ್ಮೂರಿನ ನಿಜವಾದ ಶತ್ರು ಬೆಕ್ಕಲ್ಲ, ಕೆಂಪಿರುವೆ. ಎಳೆ ಮರಿಯ ವಾಸನೆಗೆ ಸಾಲುಗಟ್ಟಿ ಬರುತ್ತವೆ, ಬೆಳಗಾಗುವಷ್ಟರಲ್ಲಿ ಇಡೀ ಸೂಲು ಮುಗಿದಿರುತ್ತದೆ. ಗೂಡಿನ ಸ್ಟ್ಯಾಂಡಿನ ನಾಲ್ಕೂ ಕಾಲನ್ನು ನೀರಿನ ಬಟ್ಟಲಲ್ಲಿಡಿ. ನೀರಿಗೆ ಎರಡು ಹನಿ ಪಾತ್ರೆ ತೊಳೆಯುವ ಸೋಪು ಹಾಕಿ ಮೂರು ದಿನಕ್ಕೊಮ್ಮೆ ಬದಲಿಸಿ, ಇಲ್ಲದಿದ್ದರೆ ಡೆಂಗಿ ಸೊಳ್ಳೆಗೆ ನೀವೇ ತೊಟ್ಟಿಲು ಕಟ್ಟಿದಂತೆ. ಗೂಡು ಗೋಡೆಗೆ ತಾಗಿದರೆ, ಪರದೆಯ ಅಂಚು ಸೋಕಿದರೆ ಬಟ್ಟಲಿದ್ದೂ ವ್ಯರ್ಥ. ಇರುವೆ ಸೀಮೆಸುಣ್ಣ ಎಳೆಯಬೇಡಿ, ಅದು ಕೀಟನಾಶಕ.

ಮೇವು

ಪ್ರಯೋಗಾಲಯದ ಇಲಿಗಳಿಗೆಂದು ತಯಾರಾಗುವ ಗುಳಿಗೆ ಸಿಕ್ಕರೆ ಅದೇ ಉತ್ತಮ. ಸಿಗದಿದ್ದರೆ ಒಂದು ಕಿಲೋಗೆ ರಾಗಿ 300 ಗ್ರಾಂ, ಗೋಧಿ 250, ಜೋಳ 150, ಹುರಿಗಡಲೆ 200, ಸೋಯಾ ಚಂಕ್ಸ್ 100. ಪ್ರೋಟೀನ್ ಸುಮಾರು 16 ಶೇಕಡಾ ಬರುತ್ತದೆ. ಹಾಗೇ ಇಟ್ಟರೆ ಕಡಲೆ, ಸೋಯಾ ಹೆಕ್ಕಿ ತಿಂದು ರಾಗಿ ಬಿಡುತ್ತವೆ. ಆದ್ದರಿಂದ ಎಲ್ಲವನ್ನೂ ತರಿಯಾಗಿ ಬೀಸಿಸಿ, ಮುದ್ದೆಯ ಹದಕ್ಕೆ ಬಿಸಿನೀರಲ್ಲಿ ನಾದಿ, ಬೆರಳು ಗಾತ್ರದ ಕಡ್ಡಿ ಮಾಡಿ, ಕಲ್ಲಿನಂತಾಗುವವರೆಗೆ ಓವನ್‌ನಲ್ಲಿ ಒಣಗಿಸಿ. ಬಿಸಿಲಿಗಿಟ್ಟರೆ ಹೊರಗಿನ ಇಲಿಗಳು ಓಡಾಡದ ಜಾಗ ನೋಡಿ. ದೊಡ್ಡ ಇಲಿಗೆ ದಿನಕ್ಕೆ 15ರಿಂದ 20 ಗ್ರಾಂ. ವಾರಕ್ಕೆರಡು ಬಾರಿ ಬೇಯಿಸಿದ ಮೊಟ್ಟೆಯ ಚೂರು, ತೊಳೆದ ಹರಿವೆ ಸೊಪ್ಪು, ಕ್ಯಾರೆಟ್. ಬಸುರಿಗೆ ಮತ್ತು ಹಾಲೂಡುವ ತಾಯಿಗೆ ದಿನವೂ ಕಾಲು ಮೊಟ್ಟೆ, ಮೇವು ತಿಂದಷ್ಟು.

ಬೇಯಿಸದ ಅವರೆ, ಹುರುಳಿ, ಹಸಿರು ತಿರುಗಿದ ಆಲೂಗಡ್ಡೆ, ಚಾಕೊಲೇಟ್ ಬೇಡ. ಇಲಿಗೆ ವಾಂತಿ ಮಾಡಲಾಗದು, ಒಳಗೆ ಹೋದದ್ದು ಹೋಯಿತು. ಗದ್ದೆ ಬದುವಿನ ಹುಲ್ಲು ಸೊಪ್ಪು ತರಬೇಡಿ, ಅಲ್ಲಿ ಇಲಿಪಾಷಾಣ ಇಟ್ಟಿರುತ್ತಾರೆ. ನೀರಿನ ಬಾಟಲಿಯ ತುದಿಯ ಗುಂಡನ್ನು ದಿನವೂ ಬೆರಳಿಂದ ಒತ್ತಿ ನೋಡಿ. ಬಾಟಲಿ ತುಂಬಿದೆಯೆಂದು ಮೋಸ ಹೋಗಬೇಡಿ, ಗುಂಡು ಸಿಕ್ಕಿಕೊಂಡಿದ್ದರೆ ತುಂಬಿಯೇ ಇರುತ್ತದೆ.

ಜೋಡಿ ಮಾಡುವ ಕಾಲ

ಇಲಿ ಬೆವರುವುದಿಲ್ಲ, ಶಾಖವನ್ನು ಮುಖ್ಯವಾಗಿ ಬಾಲದಿಂದ ಹೊರಹಾಕುತ್ತದೆ. ಮೈಸೂರು-ಮಂಡ್ಯದ ಮಾರ್ಚ್‌ನಿಂದ ಮೇವರೆಗಿನ ಬಿಸಿಲು, ಅದರಲ್ಲೂ ಶೀಟಿನ ಸೂರು, ಅದಕ್ಕೆ ತಡೆಯದು. 30 ಡಿಗ್ರಿ ದಾಟಿದರೆ ಒದ್ದೆ ಹೆಂಚು, ಬಟ್ಟೆ ಸುತ್ತಿದ ಮಂಜುಗಡ್ಡೆ ಬಾಟಲಿ ಗೂಡಿನೊಳಗಿಡಿ. ಆ ತಿಂಗಳುಗಳಲ್ಲಿ ಮರಿ ಬೇಡ, ಶಾಖಕ್ಕೆ ಗಂಡಿನ ಫಲವತ್ತತೆಯೂ ಕುಗ್ಗುತ್ತದೆ. ಜುಲೈನಿಂದ ಜನವರಿವರೆಗೆ ಸುಗಮ. ದೀಪಾವಳಿಯ ತಾರೀಖಿನಿಂದ ಮಾತ್ರ 22 ದಿನ ಹಿಂದೆ ಎಣಿಸಿ, ಆ ವಾರ ಜೋಡಿ ಮಾಡಬೇಡಿ. ಪಟಾಕಿ ಸದ್ದಿಗೆ ಬೆದರಿದ ತಾಯಿ ಮರಿಗಳನ್ನು ತಿಂದು ಹಾಕಬಹುದು.

ಹೆಣ್ಣು 4-5 ದಿನಕ್ಕೊಮ್ಮೆ ಬೆದೆಗೆ ಬರುತ್ತದೆ, ಸಾಮಾನ್ಯವಾಗಿ ಸಂಜೆ ಮೇಲೆ. ಬೆನ್ನ ಮೇಲೆ ಕೈಯಾಡಿಸಿದರೆ ಬೆನ್ನು ಬಗ್ಗಿಸಿ ನಿಲ್ಲುತ್ತದೆ, ಕಿವಿ ಪಟಪಟ ಅದುರುತ್ತದೆ. ಒಮ್ಮೆ ನೋಡಿದರೆ ಮತ್ತೆ ಕೇಳುವ ಹಾಗಿಲ್ಲ. ಆ ರಾತ್ರಿ ಗಂಡಿನ ಗೂಡಿಗೆ ಬಿಡಿ. ಬೆಳಗ್ಗೆ ಹಾಸಿನಲ್ಲಿ ಮೇಣದಂಥ ಪುಟ್ಟ ಬಿಳಿ ಗುಳಿಗೆ ಸಿಕ್ಕರೆ ಕೂಡಿದ ಗುರುತು, ಅದೇ ತಾರೀಖು ಬರೆದಿಡಿ. ಬೆದೆ ಗುರುತಿಸಲಾಗದವರು ಐದು ದಿನ ಒಟ್ಟಿಗೆ ಬಿಟ್ಟು ಆರನೇ ದಿನ ಬೇರೆ ಮಾಡಲಿ. ‘ಗಂಡು ಇನ್ನೆರಡು ದಿನ ಇರಲಿ’ ಎನ್ನುವ ದಾಕ್ಷಿಣ್ಯವೇ ಎರಡನೇ ಸೂಲಿಗೆ ದಾರಿ.

ಬಾಣಂತನ

ಎರಡು ವಾರಕ್ಕೆ ಹೊಟ್ಟೆ ಕಾಣುತ್ತದೆ. 18ನೇ ದಿನ ಬಾಣಂತಿ ಗೂಡಿಗೆ ಬದಲಿಸಿ, ಕಾಗದದ ಪಟ್ಟಿಗಳನ್ನು ಧಾರಾಳವಾಗಿ ಕೊಡಿ. ಗೂಡನ್ನು ಅದೇ ಕಟ್ಟಿಕೊಳ್ಳುತ್ತದೆ. ಹೆರಿಗೆ ಸಾಮಾನ್ಯವಾಗಿ ಒಂದೆರಡು ಗಂಟೆಯಲ್ಲಿ ಮುಗಿಯುತ್ತದೆ. ಮುಕ್ಕುತ್ತಲೇ ಇದ್ದು ಮರಿ ಬಾರದಿದ್ದರೆ, ಕಡುಗೆಂಪು ರಕ್ತ ಹೋಗುತ್ತಲೇ ಇದ್ದರೆ ಕಾಯದೆ ಪಶುವೈದ್ಯರಲ್ಲಿಗೆ ಒಯ್ಯಿರಿ. ಇಲಿಯನ್ನು ನೋಡುವ ವೈದ್ಯರು ಯಾರೆಂದು ಜೋಡಿ ಮಾಡುವ ಮೊದಲೇ ಫೋನ್ ಮಾಡಿ ತಿಳಿದಿರಬೇಕು. ಔಷಧಿ ಬರೆಸುವಾಗ ಬಸುರಿ ಅಥವಾ ಹಾಲೂಡುತ್ತಿದೆ ಎಂದು ಹೇಳಲು ಮರೆಯಬೇಡಿ, ಉಸಿರಾಟಕ್ಕೆ ಕೊಡುವ ಕೆಲವು ಆಂಟಿಬಯೋಟಿಕ್‌ಗಳು ಮರಿಗಳ ಹಲ್ಲು, ಕೀಲಿಗೆ ಕೆಡುಕು.

ಹುಟ್ಟಿದ ಮರಿ 5-6 ಗ್ರಾಂ, ಕೆಂಪಗೆ, ಬೆತ್ತಲೆ. ತಾಯಿಯನ್ನು ತಿಂಡಿ ತೋರಿಸಿ ಆಚೆಗೆ ಕರೆದು, ಹಾಸನ್ನೇ ಕೈಗೆ ಉಜ್ಜಿಕೊಂಡು ಎಣಿಸಿ. ಹೊಟ್ಟೆಯ ಎಡಬದಿಯಲ್ಲಿ ಚರ್ಮದ ಮೂಲಕವೇ ಬಿಳಿ ಪಟ್ಟಿ ಕಂಡರೆ ಹಾಲು ಕುಡಿದಿದೆ. ಪಟ್ಟಿಯಿಲ್ಲದ ಮರಿ ಒಂದೇ ಇದ್ದರೆ ದುರ್ಬಲವಾದದ್ದು, ಯಾವುದಕ್ಕೂ ಇಲ್ಲದಿದ್ದರೆ ತಾಯಿಗೆ ಹಾಲಿಲ್ಲ. ಅದೇ ವಾರ ಹೆತ್ತ ಇನ್ನೊಂದು ತಾಯಿಯಿದ್ದರೆ ಅದರ ಮರಿಗಳ ಜೊತೆ ಸೇರಿಸಿ. ಬಾಟಲಿ ಹಾಲಿನಿಂದ ಎಳೆ ಮರಿ ಉಳಿಯುವುದು ಅಪರೂಪ. ಇದೇ ಕಾರಣಕ್ಕೆ ಕೆಲವರು ಎರಡು ಹೆಣ್ಣನ್ನು ಒಟ್ಟಿಗೆ ಗಬ್ಬ ಮಾಡಿಸುತ್ತಾರೆ. ಆದರೆ ಆಗ ಹತ್ತಲ್ಲ, ಇಪ್ಪತ್ತು ಮರಿಗೆ ಮನೆ ಬೇಕು.

ವಾರಕ್ಕೆ ಮಖಮಲ್ಲಿನಂಥ ಕೂದಲು, 14-15ನೇ ದಿನ ಕಣ್ಣು. ಆಮೇಲಿನ ನಾಲ್ಕೈದು ದಿನ ಮುಚ್ಚಳ ತೆಗೆದರೆ ಬಾಣಲೆಯ ಸಾಸಿವೆಯಂತೆ ಸಿಡಿಯುತ್ತವೆ, ಎತ್ತುವಾಗ ಡಬ್ಬಿಯ ಒಳಗೇ ಕೈಯಿರಲಿ. ದಿನಕ್ಕೆ ಹತ್ತು ನಿಮಿಷ ಕೈಯಲ್ಲಿ ಆಡಿಸಿದ ಮರಿಯೇ ಮುಂದೆ ಸಾಧು. ಎರಡು ದಿನಕ್ಕೊಮ್ಮೆ ಒಂದು ಗ್ರಾಂ ತೋರಿಸುವ ಅಡುಗೆ ತಕ್ಕಡಿಯಲ್ಲಿ ತೂಗಿ. ತೂಕ ನಿಂತ ಮರಿಯೇ ಮೊದಲ ಎಚ್ಚರಿಕೆ.

35ನೇ ದಿನ

ಕ್ಯಾಲೆಂಡರಿನಲ್ಲಿ ಕೆಂಪು ಶಾಯಿಯ ದಿನ ಇದು. ಅಂದು ಗಂಡು ಮರಿಗಳು ತಾಯಿ-ತಂಗಿಯರಿಂದ ಬೇರೆಯಾಗಲೇಬೇಕು. ‘ಇನ್ನೂ ಚಿಕ್ಕವು’ ಎಂದು ಆರನೇ ವಾರಕ್ಕೆ ದೂಡಿದರೆ ತಾಯಿಯೂ ಹೆಣ್ಣು ಮರಿಗಳೂ ಒಟ್ಟಿಗೆ ಗಬ್ಬ. ಲಿಂಗ ಗುರುತಿಸುವುದು ಹೀಗೆ: 8ರಿಂದ 14ನೇ ದಿನದ ನಡುವೆ ಹೊಟ್ಟೆಯ ಮೇಲೆ ಚುಕ್ಕಿಗಳಂತೆ ಮೊಲೆತೊಟ್ಟು ಕಾಣುವುದು ಹೆಣ್ಣಿಗೆ ಮಾತ್ರ. ಗಂಡಿಗೆ ಮೂತ್ರದ್ವಾರ ಮತ್ತು ಗುದದ ನಡುವಿನ ಅಂತರ ಹೆಣ್ಣಿಗಿಂತ ಸುಮಾರು ಎರಡರಷ್ಟು. ಇಬ್ಬರು ಬೇರೆ ಬೇರೆಯಾಗಿ ನೋಡಿ ಬರೆದು ತಾಳೆ ಹಾಕಿದರೆ ತಪ್ಪು ಕಡಿಮೆ. ಗಂಡು ಮರಿಗಳನ್ನು ಅಪ್ಪನ ಗೂಡಿಗೆ ಪರಿಚಯಿಸಬಹುದು, ಮೊದಲೆರಡು ದಿನ ಕಣ್ಣಿಟ್ಟಿರಿ. ತಾಯಿಗೆ ಕನಿಷ್ಠ ಎರಡು ತಿಂಗಳು ಬಿಡುವು, ಜೀವಮಾನಕ್ಕೆ ಎರಡು ಸೂಲು ಸಾಕು. ಆಮೇಲೂ ಒಂದೂವರೆ ವರ್ಷ ಅದು ನಿಮ್ಮಲ್ಲೇ ಇರುತ್ತದೆ, ಮುಪ್ಪಿನಲ್ಲಿ ಮೊಲೆಗಡ್ಡೆ ಸಾಮಾನ್ಯ. ಆ ಖರ್ಚೂ ಲೆಕ್ಕದಲ್ಲಿರಲಿ.

ಕೊಡುವಾಗ

ಹಣಕ್ಕೆ ಮಾರುವುದಾದರೆ 2018ರ ಸಾಕುಪ್ರಾಣಿ ಅಂಗಡಿ ನಿಯಮಗಳನ್ನು ಓದಿಕೊಳ್ಳಿ. ಅವುಗಳ ಸಾಕುಪ್ರಾಣಿಗಳ ಪಟ್ಟಿಯಲ್ಲಿ ಇಲಿ ಜಾತಿಯೂ ಇದೆ, ಮಾರಾಟಕ್ಕೆ ರಾಜ್ಯ ಪ್ರಾಣಿ ಕಲ್ಯಾಣ ಮಂಡಳಿಯ ನೋಂದಣಿ ಬೇಕು. ಒಂದೇ ಬಾರಿಗೆ ಹತ್ತು ಇಲಿ ಕೇಳುವವರನ್ನು ಏಕೆಂದು ವಿಚಾರಿಸಿ. ಹಾವಿನ ಮೇವಿಗಾದರೆ, ನಮ್ಮ ದೇಶದ ಹಾವನ್ನು ಮನೆಯಲ್ಲಿ ಸಾಕುವುದೇ ವನ್ಯಜೀವಿ ಕಾಯ್ದೆಗೆ ವಿರುದ್ಧ.

ಆರು ವಾರ ತುಂಬಿದ ಮೇಲೆ ಜೋಡಿಯಾಗಿ ಕಳಿಸಿ, ಹೊರಡುವ ಮುನ್ನ ಲಿಂಗವನ್ನು ಒಯ್ಯುವವರ ಕಣ್ಣೆದುರೇ ಮತ್ತೊಮ್ಮೆ ನೋಡಿ. ಜೊತೆಗೆ ಹುಟ್ಟಿದ ದಿನ, ತಂದೆ ತಾಯಿ ಬರೆದ ಚೀಟಿ, ರೂಢಿಯಾದ ಮೇವು ಕಾಲು ಕಿಲೋ, ಹಳೆಯ ಗೂಡಿನ ಬಟ್ಟೆಯ ಒಂದು ತುಂಡು. ಬಟ್ಟೆಯನ್ನು ಒಗೆದು ಕೊಡಬೇಡಿ, ವಾಸನೆ ಹೋಗಿಬಿಡುತ್ತದೆ.