ಜಿಪ್ಸಿಯ ಡಿಫರೆನ್ಷಿಯಲ್ ಮನೆಯಲ್ಲೇ ಬಿಚ್ಚಿ ಕಟ್ಟಿದ್ದು

ಸದ್ದು ಮೊದಲು ಕಿವಿಗೆ ಬಿದ್ದಿದ್ದು ಬೆಂಗಳೂರಿನ ನೈಸ್ ರೋಡಿನಲ್ಲಿ. ವೇಗ 50 ದಾಟುತ್ತಿದ್ದ ಹಾಗೆ ಹಿಂದಿನಿಂದ ಸಣ್ಣಗೆ ಊಳಿಟ್ಟ ಹಾಗೆ ಕೇಳುತ್ತಿತ್ತು. ಆಕ್ಸಿಲರೇಟರ್ ಬಿಟ್ಟರೆ ಇನ್ನೂ ಜಾಸ್ತಿ. ಎಡಕ್ಕೆ ಬಲಕ್ಕೆ ಸ್ವಲ್ಪ ಸ್ವಲ್ಪ ತಿರುಗಿಸಿ ನೋಡಿದೆ. ವೀಲ್ ಬೇರಿಂಗ್ ಹೋಗಿದ್ದರೆ ಗಾಡಿಯ ಭಾರ ಆ ಚಕ್ರದ ಕಡೆ ವಾಲಿದಾಗ ಸದ್ದು ಬದಲಾಗಬೇಕು. ಇಲ್ಲಿ ಬದಲಾಗಲಿಲ್ಲ. ಡಿಫರೆನ್ಷಿಯಲ್ಲೇ ಇರಬೇಕು ಅನ್ನಿಸಿತು, ಅಂದರೆ ಎಂಜಿನ್ನಿನ ಬಲವನ್ನು ಹಿಂದಿನ ಎರಡೂ ಚಕ್ರಗಳಿಗೆ ಹಂಚುವ ಗೇರ್ ಸೆಟ್.

ನಮ್ಮದು 1999ರ ಮಾರುತಿ ಜಿಪ್ಸಿ ಕಿಂಗ್. ಅಪ್ಪ ತೆಗೆದುಕೊಂಡ ಗಾಡಿ. ಒಂದು ಗ್ಯಾರೇಜಿನಲ್ಲಿ ತೋರಿಸಿದೆ. ಬಿಚ್ಚಿ ಕೂಡ ನೋಡದೆ, 'ಪೂರ್ತಿ ಸೆಟ್ ಗುಜರಿಯಿಂದ ತಂದು ಹಾಕಿಬಿಡೋಣ ಸಾರ್' ಅಂದರು. ಗುಜರಿಯಲ್ಲಿ ಸಿಗುವ ಸೆಟ್ ಎಷ್ಟು ಓಡಿದೆ, ಯಾವ ನೀರಿನಲ್ಲಿ ಮುಳುಗಿದೆ, ಯಾರಿಗೆ ಗೊತ್ತು? ನಮ್ಮದರಲ್ಲಿ ಏನು ಹೋಗಿದೆ ಅಂತಲೇ ಗೊತ್ತಿಲ್ಲದೆ ಅದನ್ನು ಎಸೆಯುವುದಕ್ಕೆ ನನಗೆ ಮನಸ್ಸು ಬರಲಿಲ್ಲ.

ನಮ್ಮ ಬೀದಿಯಲ್ಲಿ ಕೆಎಸ್‌ಆರ್‌ಟಿಸಿ ಡಿಪೋದಲ್ಲಿ ಮೆಕ್ಯಾನಿಕ್ ಆಗಿದ್ದು ರಿಟೈರ್ ಆದವರೊಬ್ಬರಿದ್ದಾರೆ. ಅವರ ಹತ್ತಿರ ಹೋಗಿ ಕೇಳಿದೆ. 'ಮಾಡು, ಅದೇನು ಬ್ರಹ್ಮವಿದ್ಯೆ ಅಲ್ಲ. ಆದ್ರೆ ಬಿಚ್ಚೋಕೆ ಮುಂಚೆ ಅಳತೆ ತಗೋಪ್ಪ. ಬಿಚ್ಚಿದ ಮೇಲೆ ಅಳೆಯೋಕೆ ಏನೂ ಇರಲ್ಲ' ಅಂದರು. ಇಡೀ ಕೆಲಸದಲ್ಲಿ ನನಗೆ ಸಿಕ್ಕ ಅತಿ ದೊಡ್ಡ ಸಹಾಯ ಈ ಒಂದು ಮಾತು.

ಮೊದಲು ಡ್ರೈನ್ ಪ್ಲಗ್ ತೆಗೆದೆ. ಬಂದಿದ್ದು ಆಯಿಲ್ ಅಲ್ಲ, ಹಾಲು ಜಾಸ್ತಿಯಾದ ಕಾಫಿ. ಅಂದರೆ ಒಳಗೆ ನೀರು ಹೋಗಿದೆ. ಆಗ ನೆನಪಾಯಿತು, 2022ರ ಸೆಪ್ಟೆಂಬರ್ ಮಳೆಯಲ್ಲಿ ಬೆಳ್ಳಂದೂರಿನ ಕಡೆ ಔಟರ್ ರಿಂಗ್ ರೋಡೇ ಕೆರೆಯಾಗಿದ್ದಾಗ ನಾನು ಇದೇ ಗಾಡಿಯಲ್ಲಿ ಆ ನೀರು ದಾಟಿದ್ದೆ. ಆಕ್ಸಲ್ ಮೇಲೆ ಬ್ರೀದರ್ ಅಂತ ಒಂದು ಪುಟ್ಟ ಉಸಿರುಗೊಳವೆ ಇರುತ್ತದೆ. ನಮ್ಮದರಲ್ಲಿ ಅದು ಮಣ್ಣು ಮೆತ್ತಿಕೊಂಡು ಮುಚ್ಚಿಹೋಗಿತ್ತು. ಓಡಿ ಬಿಸಿಯಾದ ಆಕ್ಸಲ್ ತಣ್ಣೀರಿಗೆ ಇಳಿದರೆ ಒಳಗಿನ ಗಾಳಿ ತಟ್ಟನೆ ಕುಗ್ಗುತ್ತದೆ. ಹೊರಗಿನ ಗಾಳಿ ಬರಲು ದಾರಿ ಇಲ್ಲದಿದ್ದರೆ ಆಯಿಲ್ ಸೀಲಿನ ಅಂಚಿನಿಂದ ನೀರನ್ನೇ ಎಳೆದುಕೊಳ್ಳುತ್ತದೆ. ಅಷ್ಟು ದಿನ ಆ ನೀರನ್ನು ಇಟ್ಟುಕೊಂಡೇ ಓಡಿಸಿದ್ದೆ.

ಜಿಪ್ಸಿಯಲ್ಲಿ ಒಂದು ಅನುಕೂಲ ಇದೆ. ಕ್ರೌನ್ ವೀಲ್ ಅನ್ನುವ ದೊಡ್ಡ ಗೇರ್, ಅದನ್ನು ತಿರುಗಿಸುವ ಪಿನಿಯನ್ ಅನ್ನುವ ಸಣ್ಣ ಗೇರ್ ಎಲ್ಲ ಸೇರಿದ ಗುಂಡು ಆಕ್ಸಲ್ ಮುಂಭಾಗದಿಂದ ಒಟ್ಟಿಗೇ ಹೊರಗೆ ಬರುತ್ತದೆ. ಸೂಕ್ಷ್ಮ ಕೆಲಸವನ್ನು ಗಾಡಿಯ ಕೆಳಗೆ ಮಲಗಿ ಮಾಡಬೇಕಿಲ್ಲ, ಮೇಜಿನ ಮೇಲೆ ಇಟ್ಟುಕೊಂಡು ಮಾಡಬಹುದು. ಮುಂದಿನ ಚಕ್ರಕ್ಕೆ ಕಲ್ಲು ಕೊಟ್ಟು, ಹಿಂದೆ ಎತ್ತಿ ಚಾಸಿಗೆ ಎರಡು ಸ್ಟ್ಯಾಂಡ್ ಕೊಟ್ಟೆ. ಬರೀ ಜಾಕಿ ನಂಬಿ ಗಾಡಿ ಕೆಳಗೆ ಯಾವತ್ತೂ ಹೋಗಬೇಡಿ. ಬ್ರೇಕ್ ಡ್ರಮ್ ತೆಗೆದು, ಬ್ರೇಕ್ ಪೈಪ್ ಕಳಚಿ, ಎರಡೂ ಆಕ್ಸಲ್ ಶಾಫ್ಟ್ ಹೊರಗೆಳೆದೆ. ಗೇರ್‌ಬಾಕ್ಸ್ ಕಡೆಯಿಂದ ಬಲ ತರುವ ಪ್ರೊಪೆಲ್ಲರ್ ಶಾಫ್ಟು ಪಿನಿಯನ್ನಿಗೆ ಸೇರುವ ಬಿಲ್ಲೆ, ಅಂದರೆ ಫ್ಲಾಂಜ್ ಮೇಲೆ ಗುರುತು ಹಾಕಿ ಬಿಚ್ಚಿದೆ. ಗುಂಡು ಭಾರ ಇರುತ್ತದೆ. ತಮ್ಮ ಜಾಕಿ ಮೇಲೆ ಹಲಗೆ ಇಟ್ಟು ಕೆಳಗಿನಿಂದ ಆಸರೆ ಕೊಟ್ಟ.

ಮೇಜಿನ ಮೇಲೆ ಇಟ್ಟ ಮೇಲೆ ಕೂದಲೆಳೆಯಷ್ಟು ಅಲುಗಾಟವನ್ನೂ ಮುಳ್ಳಿನಲ್ಲಿ ತೋರಿಸುವ ಡಯಲ್ ಗೇಜ್ ಹಚ್ಚಿದೆ. ಪಿನಿಯನ್ ಹಿಡಿದುಕೊಂಡು ಕ್ರೌನ್ ವೀಲನ್ನು ಅಲ್ಲಾಡಿಸಿದರೆ 0.30 ಮಿ.ಮೀ. ಪ್ಲೇ, ಅಂದರೆ ಹಲ್ಲುಗಳ ನಡುವಿನ ಸಡಿಲ. ನನ್ನ ಹತ್ತಿರ ಇದ್ದ ಮ್ಯಾನುಯಲ್ ಪ್ರಕಾರ 0.10ರಿಂದ 0.15 ಇರಬೇಕು. ಹಲ್ಲುಗಳಿಗೆ ನೀಲಿ ಬಣ್ಣ ಹಚ್ಚಿ ತಿರುಗಿಸಿ, ಹಲ್ಲಿಗೆ ಹಲ್ಲು ತಾಗಿದ ಅಚ್ಚು ಎಲ್ಲಿ ಬೀಳುತ್ತದೆ ಅಂತ ಫೋಟೋ ತೆಗೆದುಕೊಂಡೆ. ಎರಡು ಬೇರಿಂಗ್ ಕ್ಯಾಪ್‌ಗಳಿಗೆ ಸೆಂಟರ್ ಪಂಚ್‌ನಲ್ಲಿ ಗುರುತು ಹಾಕಿದೆ, ಎಡಕ್ಕೆ ಒಂದು ಚುಕ್ಕೆ, ಬಲಕ್ಕೆ ಎರಡು. ಅವನ್ನು ಹೌಸಿಂಗ್ ಜೊತೆ ಸೇರಿಸಿಯೇ ಕೊರೆದಿರುತ್ತಾರೆ, ಅದಲು ಬದಲಾದರೆ ಬೇರಿಂಗ್ ಸರಿಯಾಗಿ ಕೂರುವುದೇ ಇಲ್ಲ.

ಒಳಗೆ ನೋಡಿದರೆ ಹಲ್ಲುಗಳು ಚೆನ್ನಾಗಿಯೇ ಇದ್ದವು. ಹೋಗಿದ್ದು ಪಿನಿಯನ್ ಬೇರಿಂಗ್. ಕಪ್, ಅಂದರೆ ಬೇರಿಂಗಿನ ಹೊರಬಳೆಯ ಒಳಮೈ ಮೇಲೆ ರೋಲರ್ ನಿಂತ ಜಾಗಕ್ಕೆ ಸರಿಯಾಗಿ ತುಕ್ಕಿನ ಗೆರೆಗಳು. ಉಗುರಿನಲ್ಲಿ ಎಳೆದರೆ ತಡೆಯುತ್ತಿತ್ತು. ಕ್ರೌನ್ ವೀಲಿನ ಎರಡು ಪಕ್ಕದ ಸೈಡ್ ಬೇರಿಂಗ್‌ಗಳೂ ಅದೇ ಹಾದಿಯಲ್ಲಿದ್ದವು. ಕ್ರೌನ್ ಮತ್ತು ಪಿನಿಯನ್ ಅನ್ನು ಜೋಡಿಯಾಗಿಯೇ ಉಜ್ಜಿ ಹೊಂದಿಸಿರುತ್ತಾರೆ. ಹಲ್ಲು ಸರಿ ಇದ್ದರೆ ಆ ಜೋಡಿಯನ್ನು ಬಿಡಬಾರದು ಅನ್ನುವುದು ನನ್ನ ಅಭಿಪ್ರಾಯ.

ಜೆಸಿ ರೋಡಿನ ಬಿಡಿಭಾಗದ ಅಂಗಡಿಗಳಲ್ಲಿ ನಾಲ್ಕೂ ಬೇರಿಂಗ್, ಸೀಲುಗಳು ಮತ್ತು ಕ್ರಶ್ ಸ್ಲೀವ್ ಸಿಕ್ಕವು. ಹಳೆಯದನ್ನು ಕೈಯಲ್ಲೇ ಹಿಡಿದುಕೊಂಡು ಹೋಗಿ, ನಂಬರ್ ನೋಡಿ ತಂದೆ. ಪಿನಿಯನ್ ಮೇಲಿನ ಹಳೆ ಬೇರಿಂಗನ್ನು ಹತ್ತಿರದ ಲೇತ್ ಅಂಗಡಿಯ ಪ್ರೆಸ್ಸಿನಲ್ಲಿ ತೆಗೆಸಿದೆ. ಅದರ ಕೆಳಗಿದ್ದ ಶಿಮ್ಮನ್ನು ಹುಷಾರಾಗಿ ಎತ್ತಿಟ್ಟೆ. ಪಿನಿಯನ್ ಎಷ್ಟು ಆಳದಲ್ಲಿ ಕೂರಬೇಕು ಅನ್ನುವುದನ್ನು ಆ ತೆಳು ಬಳೆಯೇ ನಿರ್ಧರಿಸುತ್ತದೆ. ಪಿನಿಯನ್ನೂ ಹೌಸಿಂಗೂ ಅವೇ ಆಗಿದ್ದರಿಂದ ಅದೇ ಶಿಮ್‌ನಿಂದ ಶುರು ಮಾಡಿದೆ.

ಪಕ್ಕದ ಸೈಟಿನಲ್ಲಿ ಮನೆ ಕಟ್ಟುತ್ತಿದ್ದರು. ಗಾಳಿಯಲ್ಲೆಲ್ಲ ಸಿಮೆಂಟ್ ಧೂಳು. ಬೇರಿಂಗಿಗೆ ಅದು ವಿಷ. ಹಾಗಾಗಿ ಜೋಡಿಸುವ ಕೆಲಸ ಒಳಗಿನ ರೂಮಿಗೆ ಹೋಯಿತು. ಪಿನಿಯನ್ ಅನ್ನು ಪ್ಲಾಸ್ಟಿಕ್ ಕವರಿನಲ್ಲಿ ಸುತ್ತಿ ರಾತ್ರಿಯೇ ಫ್ರೀಜರಿನಲ್ಲಿ ಇಟ್ಟಿದ್ದೆ. ಬೆಳಿಗ್ಗೆ ಅಮ್ಮ 'ಇದೇನೋ ಇದು, ಮಟನ್ನಾ?' ಅಂತ ಕೇಳಿದರು. ಹೊಸ ಬೇರಿಂಗನ್ನು ಹಳೆ ಬಾಣಲೆಯಲ್ಲಿ ಎಣ್ಣೆ ಹಾಕಿ ಸುಮಾರು 100 ಡಿಗ್ರಿಗೆ ಬಿಸಿ ಮಾಡಿದೆ. ಬಿಸಿಗೆ ಅದು ಹಿಗ್ಗಿತ್ತು, ತಣ್ಣಗೆ ಪಿನಿಯನ್ ಕುಗ್ಗಿತ್ತು. ಸುತ್ತಿಗೆ ಇಲ್ಲದೆ ಜಾರಿ ಕೂತಿತು. ಹೌಸಿಂಗಿನ ಕಪ್‌ಗಳನ್ನು ಮಾತ್ರ ಹಿತ್ತಾಳೆ ರಾಡಿನಿಂದ ಸುತ್ತಲೂ ಮೆಲ್ಲಗೆ ಹೊಡೆದು ಕೂರಿಸಿದೆ. ಪೂರ್ತಿ ಕೂತ ಕ್ಷಣಕ್ಕೆ ಹೊಡೆತದ ಸದ್ದು ಬದಲಾಗುತ್ತದೆ. ಅಲ್ಲಿಯವರೆಗೆ ಠಣ್ ಅನ್ನುತ್ತಿದ್ದದ್ದು ಗಟ್ಟಿ ಕಲ್ಲಿಗೆ ಬಡಿದ ಹಾಗೆ ಟಕ್ ಅನ್ನುತ್ತದೆ. ಕಿವಿ ಕೊಟ್ಟು ಕೇಳಿ.

ಇಲ್ಲಿಂದ ಮುಂದೆ ಕ್ರಶ್ ಸ್ಲೀವ್. ಇದಕ್ಕೇ ನನಗೆ ಒಂದು ಇಡೀ ದಿನ ಹಿಡಿಯಿತು. ಎರಡು ಪಿನಿಯನ್ ಬೇರಿಂಗ್‌ಗಳ ನಡುವೆ ಇರುವ ಈ ಕೊಳವೆ, ನಟ್ ಬಿಗಿದಷ್ಟೂ ನಜ್ಜಾಗುತ್ತಾ ಹೋಗುತ್ತದೆ. ಎಷ್ಟು ನಜ್ಜಾಯಿತು ಅನ್ನುವುದರ ಮೇಲೆ ಬೇರಿಂಗಿನ ಬಿಗಿ ನಿಂತಿದೆ. ಜಾಸ್ತಿ ಬಿಗಿದರೆ ನಟ್ ಸಡಿಲಿಸಿ ಸರಿ ಮಾಡುವ ಹಾಗಿಲ್ಲ, ನಜ್ಜಾದ ಸ್ಲೀವ್ ಹಿಂದಕ್ಕೆ ಬರುವುದಿಲ್ಲ. ಅಳೆಯುವುದಕ್ಕೆ ಒಂದು ಸ್ಪ್ರಿಂಗ್ ತಕ್ಕಡಿ ಸಾಕು. ಫ್ಲಾಂಜಿಗೆ ದಾರ ಸುತ್ತಿ, ತಕ್ಕಡಿಗೆ ಕಟ್ಟಿ, ಒಂದೇ ಸಮನೆ ಎಳೆಯಬೇಕು. ತಿರುಗುತ್ತಿರುವಾಗ ತೋರಿಸುವ ತೂಕವನ್ನು ಫ್ಲಾಂಜಿನ ಅರ್ಧ ಅಗಲದಿಂದ ಗುಣಿಸಿದರೆ ಬಿಗಿ ಎಷ್ಟು ಅಂತ ಬರುತ್ತದೆ. ಇದನ್ನು ಕ್ರೌನ್ ವೀಲ್ ಹಾಕುವ ಮುಂಚೆಯೇ ಅಳೆಯಬೇಕು.

ಮೊದಲ ಸಲ ನಾನು ಅವಸರ ಮಾಡಿದೆ. ತುಂಬಾ ಹೊತ್ತು ತಕ್ಕಡಿಯ ಮುಳ್ಳು ಸೊನ್ನೆಯಲ್ಲೇ ಇತ್ತು. ಉದ್ದನೆಯ ಪೈಪ್ ಹಾಕಿ ಇನ್ನೊಂದು ಕಾಲು ಸುತ್ತು ತಿರುಗಿಸಿದೆ, ಒಂದೇ ಏಟಿಗೆ 5 ಕೆ.ಜಿ. ದಾಟಿತು. ಸ್ಲೀವ್ ಹೋಯಿತು. ಮತ್ತೆ ಜೆಸಿ ರೋಡು. ಈ ಸಲ ಎರಡು ತಂದೆ. ಎರಡನೇ ಸಲ ಪ್ಲೇ ಹೋದ ಮೇಲೆ ಪ್ರತಿ ಸಲವೂ ನಟ್ಟನ್ನು ಒಂದು ಬೆರಳಿನಷ್ಟು ಮಾತ್ರ ತಿರುಗಿಸಿ, ಬೇರಿಂಗ್ ಕೂರಲಿ ಅಂತ ಹತ್ತು ಸುತ್ತು ತಿರುಗಿಸಿ, ಆಮೇಲೆ ದಾರ ಎಳೆದೆ. 2.5 ಕೆ.ಜಿ.ಗೆ ನಿಲ್ಲಿಸಿದೆ. ಫ್ಲಾಂಜಿನ ಅರ್ಧ ಅಗಲ ಸುಮಾರು 5 ಸೆಂ.ಮೀ. ಮ್ಯಾನುಯಲ್ ಹೇಳಿದ ಮಿತಿಯ ನಡುವೆಯೇ ಬಂತು.

ಕ್ರೌನ್ ವೀಲ್ ಕೂರಿಸಿ, ಎರಡೂ ಪಕ್ಕದ ಅಡ್ಜಸ್ಟರ್‌ಗಳನ್ನು ಬಿಗಿದೆ. ಪ್ಲೇ 0.20 ಇತ್ತು. ನೀಲಿ ಹಚ್ಚಿ, ಕ್ರೌನ್ ವೀಲಿಗೆ ಬಟ್ಟೆ ಒತ್ತಿ ಹಿಡಿದು ತಿರುಗಿಸಿದೆ. ಅಚ್ಚು ಹಲ್ಲಿನ ಹೊರತುದಿಗೆ ಸರಿದಿತ್ತು. ಅಂದರೆ ಕ್ರೌನ್ ವೀಲ್ ಪಿನಿಯನ್‌ನಿಂದ ದೂರ ಇದೆ. ಒಂದು ಕಡೆ ಎಷ್ಟು ಸಡಿಲಿಸಿದೆನೋ ಇನ್ನೊಂದು ಕಡೆ ಅಷ್ಟೇ ಬಿಗಿದು ಹತ್ತಿರ ತಂದೆ. ಗೇಜಿನಲ್ಲಿ 0.13. ಮತ್ತೆ ನೀಲಿ. ಈ ಸಲ ಅಚ್ಚು ಹಲ್ಲಿನ ನಡುವೆ, ಉದ್ದನೆಯ ಅಕ್ಕಿಕಾಳಿನ ಹಾಗೆ ಬಿದ್ದಿತ್ತು. ಬಿಚ್ಚುವ ಮುಂಚಿನ ಫೋಟೋ ಪಕ್ಕದಲ್ಲಿಟ್ಟು ನೋಡಿದೆ. ಖುಷಿಗೆ ಎದ್ದು ಹೋಗಿ ಆ ಹಿರಿಯರನ್ನೇ ಕರೆದುಕೊಂಡು ಬಂದೆ. ಅವರು ಕನ್ನಡಕ ಏರಿಸಿಕೊಂಡು ನಾಲ್ಕೈದು ಹಲ್ಲು ನೋಡಿ, 'ಸರಿ ಇದೆ, ಮುಚ್ಚು' ಅಂದರು.

ಗುಂಡನ್ನು ವಾಪಸ್ ಏರಿಸಿ, ಬ್ರೇಕಿನ ಗಾಳಿ ತೆಗೆದು, ಜಿಎಲ್-5 ದರ್ಜೆಯ 80ಡಬ್ಲ್ಯೂ-90 ಗೇರ್ ಆಯಿಲನ್ನು ಮೇಲಿನ ಪ್ಲಗ್‌ನಿಂದ ಹೊರಗೆ ಬರುವ ತನಕ ತುಂಬಿದೆ. ಇಲ್ಲಿ ಪಿನಿಯನ್ ಕ್ರೌನಿನ ನಡುಗೆರೆಗಿಂತ ಕೆಳಗೆ ಇರುವುದರಿಂದ ಹಲ್ಲುಗಳು ಬರೀ ಉರುಳುವುದಿಲ್ಲ, ಉಜ್ಜಿಕೊಂಡು ಜಾರುತ್ತವೆ. ಆ ಒತ್ತಡ ತಡೆಯುವ ಗಂಧಕದ ಮಿಶ್ರಣ ಜಿಎಲ್-5ರಲ್ಲಿ ಜಾಸ್ತಿ. ಡಬ್ಬ ತೆರೆದಾಗ ಬರುವ ಘಾಟು ಅದರದ್ದೇ. ಮುಚ್ಚಿಹೋಗಿದ್ದ ಬ್ರೀದರ್ ತೆಗೆದು, ಅಲ್ಲಿಂದ ರಬ್ಬರ್ ಪೈಪ್ ಎಳೆದು ಹಿಂದಿನ ಲೈಟಿನ ಎತ್ತರಕ್ಕೆ ಕಟ್ಟಿದೆ. ಇದನ್ನು ಮಾಡದಿದ್ದರೆ ಹೊಸ ಬೇರಿಂಗಿಗೂ ಇನ್ನೊಂದು ಮಳೆಗೆ ಅದೇ ಗತಿ.

ಮೊದಲ ಓಟ ಕನಕಪುರ ರೋಡಿನಲ್ಲಿ, ಕಿಟಕಿ ಏರಿಸಿಕೊಂಡು. 50, 60, 70. ಆಕ್ಸಿಲರೇಟರ್ ಬಿಟ್ಟೆ. ಟೈರಿನ ಸದ್ದು ಮಾತ್ರ. ಹತ್ತು ಹದಿನೈದು ಕಿಲೋಮೀಟರ್ ಆದ ಮೇಲೆ ನಿಲ್ಲಿಸಿ ಗುಂಡಿನ ಮೂತಿ ಮುಟ್ಟಿ ನೋಡಿದೆ, ಬೆಚ್ಚಗಿತ್ತು, ಕೈ ಇಟ್ಟುಕೊಳ್ಳಬಹುದಿತ್ತು. 500 ಕಿಲೋಮೀಟರ್ ಆದ ಮೇಲೆ ಆ ಆಯಿಲ್ ಇಳಿಸಿ ಬಿಳಿ ಬಟ್ಟೆಯಲ್ಲಿ ಸೋಸಿದೆ. ಬಟ್ಟೆಯ ಮೇಲೆ ಕಾಡಿಗೆಯಷ್ಟು ನುಣ್ಣಗಿನ ಬೂದು ಪುಡಿ ಉಳಿದಿತ್ತು. ಚೂರು ಒಂದೂ ಇರಲಿಲ್ಲ.