ಹಳೇ ಸಂಬಳದ ಲೆಕ್ಕ ನೀವಾಗೇ ಹೇಳಬೇಡಿ

ಕ್ಯಾಲಿಫೋರ್ನಿಯಾದಲ್ಲಿ ಕೆಲಸ ಹುಡುಕುತ್ತಿರುವವರಿಗೆ ಒಂದು ಮಾತು. ಬೆಂಗಳೂರಿನಲ್ಲಿ ಇಂಟರ್‌ವ್ಯೂ ಅಂದರೆ ಮೂರು ತಿಂಗಳ ಪೇ ಸ್ಲಿಪ್ ಕೊಟ್ಟು ನಮಗೆ ರೂಢಿ, ಅಲ್ವಾ? ಇಲ್ಲಿ 2018ರ ಜನವರಿಯಿಂದ ಕಂಪನಿಯವರು ಹಿಂದಿನ ಸಂಬಳ ಕೇಳುವ ಹಾಗೇ ಇಲ್ಲ. ರಿಕ್ರೂಟರ್ ಮೂಲಕವೂ ಕೇಳಿಸುವಂತಿಲ್ಲ.

ನಾವು ಎಡವುವುದು ಬೇರೆ ಕಡೆ. ಯಾರೂ ಕೇಳದೆ ನಾವೇ ಬಾಯಿಬಿಟ್ಟರೆ, ಆ ಅಂಕಿ ಹಿಡಿದು ಆಫರ್ ಲೆಕ್ಕ ಹಾಕಲು ಅವರಿಗೆ ಅವಕಾಶ ಇದೆ. ನಾನು ಹೋದ ಸಲ ಫೋನಿನಲ್ಲಿ ಸುಮ್ನೆ ಮಾತಿಗೆ ಹೇಳಿ ಕೈ ಸುಟ್ಟುಕೊಂಡೆ.

"ನಿಮಗೆ ಎಷ್ಟು ಬೇಕು?" ಅಂತ ಅವರು ಕೇಳಬಹುದು, ಅದಕ್ಕೆ ತಡೆ ಇಲ್ಲ. ಆಗ "ಈ ಕೆಲಸದ ಪೇ ಸ್ಕೇಲ್ ಎಷ್ಟು?" ಅಂತ ತಿರುಗಿ ಕೇಳಿ. ಮೊದಲ ಇಂಟರ್‌ವ್ಯೂ ಆದ ಮೇಲೆ ಕೇಳಿದರೆ ಹೇಳಲೇಬೇಕು. 15 ಅಥವಾ ಜಾಸ್ತಿ ನೌಕರರಿರುವ ಕಂಪನಿಯಾದರೆ 2023ರಿಂದ ಜಾಹೀರಾತಿನಲ್ಲೇ ಹಾಕಬೇಕು. ಮೊದಲು ಅಲ್ಲಿ ನೋಡಿ.

ಕಂಪನಿಯವರು ನಿಮ್ಮ ಕ್ರೆಡಿಟ್ ರಿಪೋರ್ಟ್ (ಸಾಲ ಪಡೆದು ತೀರಿಸಿದ ದಾಖಲೆ) ತೆಗೆಸುವುದಕ್ಕೂ 2012ರಿಂದ ಕಡಿವಾಣ ಇದೆ. ಮ್ಯಾನೇಜರ್ ಹುದ್ದೆ, 10,000 ಡಾಲರ್ ಅಥವಾ ಅದಕ್ಕಿಂತ ಜಾಸ್ತಿ ನಗದು ಕೈಗೆ ಬರುವ ಕೆಲಸ, ಇಂಥ ಕೆಲವಕ್ಕೆ ಮಾತ್ರ ಬಿಟ್ಟಿದ್ದಾರೆ. ಆಗಲೂ ಯಾವ ಕಾರಣಕ್ಕೆ ಅಂತ ನಿಮಗೆ ಬರೆದು ತಿಳಿಸಬೇಕು.